ಮಾರಮ್ಮನಿಗೆ ಹೇಳಿದ ರೇಟು

"ಆಣೆ ಮಾಡಿ ಯೋಳ್ತೀನಿ ಮೇಡಮ್ಮೋರೆ, ಒಂದು ನರಪಿಳ್ಳೆ ಮುಂದೂ ಬಾಯ್ಬುಟ್ಟಿಲ್ಲ."

"ಬಾಯಿ ಬಿಡದೆ ಅವನಿಗೆ ಹೇಗೆ ಗೊತ್ತಾಯ್ತು ಕೆಂಚಮ್ಮ? ಕನಸು ಬಿತ್ತಾ?"

ನನ್ನ ದನಿ ಸ್ವಲ್ಪ ಜಾಸ್ತಿಯೇ ಏರಿತು. ಜಯಲಕ್ಷ್ಮಿಪುರಂನ ನಮ್ಮ ಬೀದಿ ಎಂಥದ್ದೆಂದರೆ ಒಗ್ಗರಣೆಗೆ ಸಾಸಿವೆ ಸಿಡಿದರೂ ಎದುರು ಮನೆಯವರಿಗೆ ಕೇಳಿಸುತ್ತದೆ. ಎದ್ದು ಹೋಗಿ ಕಿಟಕಿ ಹಾಕಿ ಬಂದು ಕೂತೆ.

ನಿನ್ನೆ, ಸೋಮವಾರ, ಕೆಂಚಮ್ಮನ ನರ್ಸರಿ ಇರುವ ಜಾಗದ ಹರಾಜಿನಲ್ಲಿ ಎರಡನೇ ಸುತ್ತಿನ ಲಕೋಟೆ ಒಡೆದಾಗಲೂ ಅವರು ಸೋತಿದ್ದರು. ಇವರು ಎಂಬತ್ನಾಲ್ಕು ಲಕ್ಷ ಬರೆದರೆ, ಚಿಕ್ಕಬಸವಯ್ಯ ಅನ್ನುವ ಆಸಾಮಿ ಎಂಬತ್ನಾಲ್ಕು ಲಕ್ಷದ ಐವತ್ತೊಂದು ಸಾವಿರ ಬರೆದಿದ್ದ. ಮೊದಲ ಸುತ್ತಿನಲ್ಲೂ ಹಾಗೆಯೇ. ಇವರು ಎಂಬತ್ತೊಂದು, ಅವನು ಅದರ ಮೇಲೆ ಐವತ್ತೊಂದು ಸಾವಿರ. ಒಂದು ಸಲವಾದರೆ ಹಣೆಬರಹ ಅಂದು ಸುಮ್ಮನಾಗಬಹುದು. ಎರಡು ಸಲವಾದರೆ ಯಾರೋ ನಮ್ಮ ಲಕೋಟೆಯೊಳಗೆ ಇಣುಕಿದ್ದಾರೆ.

ಇಣುಕುವುದಕ್ಕೆ ದಾರಿಯೇ ಇರಲಿಲ್ಲ, ಅದೇ ನನ್ನ ಹೊಟ್ಟೆಯುರಿ. ಎರಡನೇ ಲಕೋಟೆ ಬರೆದವಳು ನಾನೇ, ಇದೇ ಮೇಜಿನ ಮೇಲೆ, ಬಾಗಿಲು ಹಾಕಿಕೊಂಡು. ಅರಗಿನ ಮುದ್ರೆ ಒತ್ತಿದವಳೂ ನಾನೇ. ಯಾದವಗಿರಿಯಲ್ಲಿರುವ ಜಾಗದ ಒಡತಿ ರಮಾಮಣಿಯವರ ಮನೆಯವರೆಗೆ ಬ್ಯಾಗನ್ನು ಎದೆಗವುಚಿಕೊಂಡು ಆಟೋದಲ್ಲಿ ಹೋಗಿ ಕೊಟ್ಟವಳೂ ನಾನೇ. ಮೂವತ್ತೊಂದು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂತು ಎಂತೆಂಥ ಕಳ್ಳಪತ್ರ ಹಿಡಿದವಳು ನಾನು, ಸರ್ವಮಂಗಳಾ. ನಿವೃತ್ತಿಯಾದ ಮೇಲೂ ಜನ ಜಾಗ ಕೊಳ್ಳುವ ಮುಂಚೆ ಪತ್ರ ಹಿಡಿದುಕೊಂಡು ನಮ್ಮ ಮನೆಗೇ ಬರುತ್ತಾರೆ. ಅಂಥವಳ ಮೂಗಿನ ಕೆಳಗೆ ಗುಟ್ಟು ಸೋರಿದರೆ ಮರ್ಯಾದೆ ಏನಾಗಬೇಕು?

"ಸರಿ, ಬೇರೆ ಥರ ಕೇಳ್ತೀನಿ" ಎಂದೆ. "ಭಾನುವಾರ ಬೆಳಿಗ್ಗೆ ಬಂದು ಎಂಬತ್ನಾಲ್ಕು ಬರೀರಿ ಅಂದ್ರಿ. ಎಂಬತ್ಮೂರೂ ಅಲ್ಲ, ಎಂಬತ್ತೈದೂ ಅಲ್ಲ. ಎಂಬತ್ನಾಲ್ಕು ಅಂತ ಹೇಗೆ ತೀರ್ಮಾನ ಮಾಡಿದ್ರಿ?"

"ಅಮ್ಮ ಎಂಬತ್ನಾಲ್ಕಕ್ಕಲ್ವಾ ಬಲಗಡೆ ಕೊಟ್ಟಿದ್ದು?"

"ಯಾವ ಅಮ್ಮ?"

"ನಮ್ಮ ಬೀದಿ ಮಾರಮ್ಮ ಕಣ್ರವ್ವ. ಹೂ ಕೇಳಿದ್ದೆ ಶುಕ್ರವಾರ. ಎಂಬತ್ತೆರಡು ಬರೀಲಾ ತಾಯಿ ಅಂದೆ, ಎಡಗಡೆ ಉದುರ್ತು. ಎಂಬತ್ಮೂರು ಅಂದೆ, ಊಹೂಂ. ಎಂಬತ್ನಾಲ್ಕು ಅಂದಿದ್ದೇ ತಡ, ಬಲಗಡೆ ಹೂವ ಪಟ್ ಅಂತ ಬಿತ್ತು."

ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ.

"ಮನಸ್ಸಿನಲ್ಲಿ ಕೇಳಿದ್ರಾ, ಬಾಯಿ ಬಿಟ್ಟು ಕೇಳಿದ್ರಾ?"

"ಬಾಯಿ ಬುಟ್ಟೇ ಕೇಳ್ಬೇಕು. ಪೂಜಾರಪ್ಪ ಕೇಳಿಸ್ಕೊಂಡು ಅಮ್ಮನಿಗೆ ಒಪ್ಪಿಸ್ಬೇಕಲ್ಲ. ಸಣ್ಣಮಾದಯ್ಯನಿಗೆ ಕಿವಿ ಬೇರೆ ಮಂದ, ಅದಕ್ಕೇ ವಸಿ ಜೋರಾಗೇ ಕೇಳ್ದೆ."

"ಯಾರಿಗೂ ಹೇಳಿಲ್ಲ ಅಂದ್ರಲ್ರೀ!"

"ಅಮ್ಮ ಯಾರೋ ಆಯ್ತಾಳಾ ಮೇಡಮ್ಮೋರೆ?" ಕೆಂಚಮ್ಮನಿಗೆ ನಿಜವಾಗಿಯೂ ನೋವಾಗಿತ್ತು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಯೋಚಿಸಿದರೆ ಅವರ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ನನ್ನ ಕಚೇರಿಯ ಕಾಲದಲ್ಲೂ ನೋಡಿದ್ದೇನೆ. ಒಡಹುಟ್ಟಿದವರಿಗೂ ತಿಳಿಸದೆ ಜಾಗ ಮಾಡಿಕೊಂಡವರು ಸರ್ವೆ ನಂಬರು ಸಮೇತ ದೇವರಿಗೆ ಹರಕೆ ಹೊತ್ತಿರುತ್ತಾರೆ. ಗುಟ್ಟೆಂದರೆ ಮನುಷ್ಯರಿಂದ ಮುಚ್ಚಿಡುವುದು. ದೇವರು ಆ ಲೆಕ್ಕಕ್ಕೆ ಬರುವುದಿಲ್ಲ. ಗುಡಿಯಲ್ಲಿ ದೇವರ ಜೊತೆ ಮನುಷ್ಯರೂ ನಿಂತಿರುತ್ತಾರೆ ಎಂಬುದೊಂದನ್ನು ಮರೆಯುತ್ತಾರೆ, ಅಷ್ಟೆ.

"ಸುತ್ತ ಯಾರಿದ್ರು?"

"ಮಂಗಳವಾರ, ಶುಕ್ರವಾರ ಅಂದ್ರೆ ಗುಡೀಲಿ ಜನ ಇದ್ದೇ ಇರ್ತಾರೆ. ಯಾರು ಅಂತ ನೋಡ್ಲಿ? ನಾನು ಅಮ್ಮನ ಮಖ ನೋಡ್ತಿದ್ದೆ."

ನನಗೆ ದಿಲೀಪನ ಮೇಲೆ ಮೊದಲಿನಿಂದಲೂ ಅನುಮಾನ. ಜಾಗ ಮಾರಿಸಿಕೊಡಲು ಒಪ್ಪಿಕೊಂಡಿರುವ ಏಜೆಂಟ್ ಅವನು, ಈಗಷ್ಟೇ ಮೂವತ್ತು ದಾಟಿದ ವಯಸ್ಸು, ಮಾತು ಜೇನು. ಇಲ್ಲದ ಪಾರ್ಟಿಯೊಂದನ್ನು ಹುಟ್ಟಿಸಿ ರೇಟು ಏರಿಸುವುದು ಆ ಕಸುಬಿನ ಹಳೇ ಚಾಳಿ. ಚಿಕ್ಕಬಸವಯ್ಯನನ್ನು ಈವರೆಗೆ ಕಣ್ಣಲ್ಲಿ ಕಂಡವರಿಲ್ಲ. ಪ್ರತಿ ಸಲವೂ ಅವನ ಲಕೋಟೆ ರಮಾಮಣಿಯವರ ಮನೆಯ ಗೇಟಿನ ಪೋಸ್ಟ್ ಡಬ್ಬದಲ್ಲಿ ಬಿದ್ದಿರುತ್ತದೆ. ಒಳಗೆ ಡಿಟಿಪಿ ಮಾಡಿಸಿದ ಒಂದೇ ಒಂದು ಸಾಲು. ಅಂಥ ಮನುಷ್ಯ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ದಿಲೀಪನ ತಲೆಯಲ್ಲಿ ಹುಟ್ಟಿದವನು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

"ಶುಕ್ರವಾರ ಕೊನೇ ಸುತ್ತು, ಅವತ್ತು ಜಾಸ್ತಿ ಬರೆದೋರಿಗೇ ಜಾಗ" ಎಂದೆ. "ಅವತ್ತು ಬೆಳಿಗ್ಗೆ ಗುಡಿಗೆ ಹೋಗಿ, ಎಂದಿನ ಹಾಗೇ ಜೋರಾಗಿ ಕೇಳಿ. ಆದ್ರೆ ಸುಳ್ಳು ರೇಟು ಕೇಳಿ. ಎಂಬತ್ತಾರು ಅನ್ನಿ. ಲಕೋಟೇಲಿ ನಾವು ಅದಕ್ಕಿಂತ ಜಾಸ್ತಿ ಬರೆಯೋಣ. ಕದ್ದು ಕೇಳೋನು ಎಂಬತ್ತಾರರ ಮೇಲೆ ಐವತ್ತೊಂದು ಸಾವಿರ ಹಾಕ್ತಾನೆ. ಜಾಗ ನಿಮ್ಮದಾಗುತ್ತೆ, ಕಳ್ಳನೂ ಸಿಗ್ತಾನೆ."

ಕೆಂಚಮ್ಮ ಎದ್ದೇ ಬಿಟ್ಟರು. ಸೆರಗು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅಮ್ಮನ ಮುಂದೆ ಸುಳ್ಳು ಯೋಳೋದಾ? ಜಾಗ ಓದ್ರೆ ಓಗ್ಲಿ ಬುಡಿ."

"ಹೋದ್ರೆ ಹೋಗ್ಲಿ ಅಂತೀರಲ್ಲ, ಹೋದ ಮೇಲೆ ಗಿಡಗಳನ್ನ ಎಲ್ಲಿಗೆ ಹೊತ್ಕೊಂಡು ಹೋಗ್ತೀರಿ?"

ಆ ಮಾತು ನಾನು ಆಡಬಾರದಿತ್ತು. ಕೆಂಚಮ್ಮ ಮತ್ತೆ ಕೂತರು, ಕಣ್ಣು ತುಂಬಿಕೊಂಡರು. ಹತ್ತೊಂಬತ್ತು ವರ್ಷದ ನರ್ಸರಿ ಅದು. ಯಾದವಗಿರಿಯ ತುದಿಯಲ್ಲಿ, ರೈಲ್ವೆ ಹಳಿಯ ಕಡೆಗೆ ಇಳಿಯುವ ಮೂಲೆಯಲ್ಲಿ ರಮಾಮಣಿಯವರ ಖಾಲಿ ಜಾಗವನ್ನು ಪುಡಿಗಾಸಿನ ಬಾಡಿಗೆಗೆ ಹಿಡಿದು, ಕಲ್ಲು ಆರಿಸಿ, ಕೊಟ್ಟಿಗೆ ಗೊಬ್ಬರ ಹೊತ್ತು ಹಾಕಿ ಮಾಡಿದ ನೆಲ. ಈಗ ರಮಾಮಣಿಯವರ ತಮ್ಮ ಸುಂದರೇಶ ಅದನ್ನು ಮಾರಲು ಹೊರಟಿದ್ದಾರೆ. ಕೊಳ್ಳಲೆಂದು ಕೆಂಚಮ್ಮ ವರುಣಾ ಗ್ರಾಮದ ಹತ್ತಿರದ ತವರಿನ ಪಾಲನ್ನೂ ಮಾರಿಬಿಟ್ಟಿದ್ದರು. ಇನ್ನು ಅವರಿಗೆ ಬೇರೆ ನೆಲವಿಲ್ಲ.

ಕೆಂಚಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

"ಒಂದು ಕೆಲ್ಸ ಮಾಡವಾ" ಎಂದರು. "ಸುಳ್ಳು ಯೋಳ್ಬೋದಾ ಅಂತ ಅಮ್ಮನ್ನೇ ಕೇಳವಾ."

ಅವತ್ತು ಮಂಗಳವಾರವೇ. ಮಧ್ಯಾಹ್ನ ನಾಲ್ಕಕ್ಕೆ ನಾವಿಬ್ಬರೇ ಹೋದೆವು. ಹುಣಸೆಮರದ ಕೆಳಗೆ ಎಂಟಡಿಯ ಗುಡಿ, ಒಳಗೆ ಬೆಳ್ಳಿಯ ಕಣ್ಣಿನ ಕರಿಕಲ್ಲು. ಪೂಜಾರಿ ಸಣ್ಣಮಾದಯ್ಯ ಕಲ್ಲಿಗೆ ನೀರು ಚಿಮುಕಿಸಿ, ಎರಡು ಭುಜಕ್ಕೂ ಒಂದೊಂದು ಕಣಗಿಲೆ ಹೂ ಅಂಟಿಸಿದರು. ಬಲಗಡೆಯದು ಉದುರಿದರೆ ಹೂಂ. ಎಡಗಡೆಯದು ಉದುರಿದರೆ ಬೇಡ.

"ಏನವ್ವಾ ಕೇಳೋದು, ಜೋರಾಗಿ ಯೋಳು" ಎಂದರು ಅಯ್ಯ.

"ಇವತ್ತು ನಾನೇ ಕೇಳ್ಕತೀನಿ ಬುಡು ಅಯ್ಯ" ಎಂದ ಕೆಂಚಮ್ಮ, ಹೊಸ್ತಿಲ ಬಳಿ ಬಗ್ಗಿ ಮಾರಮ್ಮನ ಕಡೆಗೆ ಪಿಸುಗುಟ್ಟಿದರು. ಅಯ್ಯನಿಗೆ ಸಿಟ್ಟು ಬಂತು. ನಲವತ್ತು ವರ್ಷದಲ್ಲಿ ಯಾರೂ ತನ್ನನ್ನು ಹೀಗೆ ಪಕ್ಕಕ್ಕೆ ಸರಿಸಿರಲಿಲ್ಲ ಎಂದು ಗೊಣಗಿಕೊಂಡು ಗಂಟೆಯ ಹಗ್ಗ ಹಿಡಿದು ನಿಂತರು.

ಐದು ನಿಮಿಷ ಏನೂ ಆಗಲಿಲ್ಲ. ನನಗೆ ಇಂಥದ್ದರಲ್ಲಿ ನಂಬಿಕೆ ಅಷ್ಟಕ್ಕಷ್ಟೇ. ಆದರೂ ಕೈ ತಾನಾಗಿ ಮುಗಿದುಕೊಂಡಿತ್ತು, ಕಣ್ಣು ಬಲಗಡೆಯ ಹೂವಿನ ಮೇಲೆಯೇ ಇತ್ತು. ಅದು ಒಂದು ಸಲ ಜಾರಿತು, ನಿಂತಿತು, ಆಮೇಲೆ ಕೆಳಗೆ ಬಿತ್ತು.

"ನೋಡಿದ್ರಾ" ಎಂದರು ಕೆಂಚಮ್ಮ ಹೊರಗೆ ಬಂದು. ಮುಖ ಕೆಂಪಾಗಿತ್ತು. "ಕದ್ದು ಕೇಳಿಸ್ಕಳೋರ್ನ ಕಂಡ್ರೆ ಅಮ್ಮನಿಗೂ ಸಿಟ್ಟು ಬಂದದೆ. ಅದರ ಜೊತೇಲೇ ನಿಜವಾದ ರೇಟೂ ಕೇಳ್ಬುಟ್ಟೆ. ಎಂಬತ್ತೆಂಟು."

ಬುಧವಾರ ನಾನು ನರ್ಸರಿಗೆ ಹೋದೆ. ದಿಲೀಪ ಅಲ್ಲಿ ಸುಳಿದಾಡುತ್ತಾನಾ ಎಂದು ನೋಡುವುದಿತ್ತು. ಕೆಂಚಮ್ಮ ಮಂಡಿಯೂರಿ ಮಲ್ಲಿಗೆಯ ಬುಡ ಕೆದಕುತ್ತಿದ್ದರು. ಪಕ್ಕದಲ್ಲಿ ಮಗಳು ಸಿಂಚನ ಕುಂಡಗಳಿಗೆ ಚೀಟಿ ಅಂಟಿಸುತ್ತಿದ್ದಳು. ಇಪ್ಪತ್ತೆರಡರ ಹುಡುಗಿ, ಎಂ.ಕಾಂ. ಓದುತ್ತಾಳೆ, ಮಾತು ಕಡಿಮೆ.

"ಇದು ತಾಯಿಗಿಡ" ಎಂದು ಕೆಂಚಮ್ಮ ತೋರಿಸಿದರು. "ಕುಂಡದಲ್ಲಿರೋ ಮಲ್ಲಿಗೆ ಎಲ್ಲಾ ಇದರ ಕಡ್ಡೀಲಿ ಆಗಿರೋದು. ಕುಂಡವ ಎಲ್ಲಿಗೆ ಬೇಕಾದ್ರೂ ಒತ್ಕೊಂಡು ಓಗ್ಬೋದು. ಇವಳು ಬತ್ತಾಳಾ? ಬೇರು ಎಲ್ಲೆಲ್ಲಿ ಓಗಿದ್ದಾವೋ."

"ಬೇರೆ ಕಡೆ ಹೊಸದಾಗಿ ಹಾಕ್ಬೋದಮ್ಮ" ಎಂದಳು ಸಿಂಚನ ತಲೆ ಎತ್ತದೆ. "ಊರಲ್ಲಿ ಇದೊಂದೇ ನೆಲಾನಾ?"

"ಇವಳದು ಬರೀ ಇದೇ ಮಾತು" ಎಂದರು ಕೆಂಚಮ್ಮ ನನ್ನ ಕಡೆ ತಿರುಗಿ. "ಮೂರು ವರ್ಸದ ಕೂಸು, ಈ ನೆಲದಲ್ಲೇ ಸೀರೇಲಿ ಜೋಲಿ ಕಟ್ಟಿ ಇವಳನ್ನ ತೂಗಿದ್ದು. ಮರೆತುಬುಟ್ಟವಳೆ."

ನಾನು ಅಂದುಕೊಂಡ ಹಾಗೆಯೇ ದಿಲೀಪನ ಬೈಕು ಬಂತು. ಹೆಲ್ಮೆಟ್ ತೆಗೆದು, ಗಿಡಗಳನ್ನು ತುಳಿಯದ ಹಾಗೆ ಹುಷಾರಾಗಿ ಕಾಲಿಡುತ್ತಾ ಬಂದ.

"ಮೇಡಂ, ಈ ಸಲ ಸ್ವಲ್ಪ ಧಾರಾಳವಾಗಿ ಬರೆಸಿ. ಆ ಪಾರ್ಟಿ ಬಿಡೋ ಥರ ಕಾಣ್ತಿಲ್ಲ."

"ಪಾರ್ಟಿ ಮುಖ ನೋಡಿದ್ದೀಯೇನಪ್ಪ?"

"ಇಲ್ಲ ಮೇಡಂ. ಕೊಟ್ಟಿರೋ ನಂಬರು ಯಾವಾಗಲೂ ಸ್ವಿಚ್ ಆಫ್."

"ಮುಖ ಇಲ್ಲ, ಫೋನಿಲ್ಲ. ಬಿಡೋ ಥರ ಕಾಣ್ತಿಲ್ಲ ಅಂತ ಹೇಗೆ ಗೊತ್ತಾಯ್ತು?"

ದಿಲೀಪ ಕಕ್ಕಾಬಿಕ್ಕಿಯಾದ. "ಸುಂದರೇಶ್ ಸರ್ ಹಾಗಂದ್ರು" ಎಂದು ತೊದಲಿ ಹೊರಟ. ನನಗೆ ಅಷ್ಟೇ ಸಾಕಿತ್ತು. ಸಿಕ್ಕಿಬಿದ್ದೆ ಮಗನೇ ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಕೆಂಚಮ್ಮ ಮಗಳ ಜೊತೆ ಗುಡಿಗೆ ಬಂದರು. ನಾನು ಆರೂವರೆಗೇ ಬಂದು ಹುಣಸೆಮರದ ಹಿಂದೆ ನಿಂತಿದ್ದೆ. ಅಲ್ಲಿಂದ ಬೀದಿಯ ಎರಡು ಕೊನೆಯೂ ಕಾಣುತ್ತಿತ್ತು. ವಾರದ ಜನ ಎಂಟರ ಮೇಲೆ ಬರುವವರು, ಅದಕ್ಕೇ ಏಳು ಗಂಟೆ ಇಟ್ಟುಕೊಂಡಿದ್ದೆ. ಯಾರಾದರೂ ಹೊಂಚು ಹಾಕಿದರೆ ಎದ್ದು ಕಾಣಬೇಕು.

"ಎಂಬತ್ತಾರು ಲಕ್ಷ ಬರೀಲಾ ತಾಯೀ!" ಕೆಂಚಮ್ಮನ ಕೂಗು ಬೀದಿಯ ಕೊನೆಯವರೆಗೂ ಹೋಯಿತು. ಸುಳ್ಳಾದ್ದರಿಂದ ಎಂದಿಗಿಂತ ಜೋರಾಗಿಯೇ ಕೂಗಿದರು, ಪಾಪ.

ಬೀದಿಯಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಒಂದು ನಾಯಿ ಮಲಗಿತ್ತು, ಎದ್ದು ನೋಡಿ ಮತ್ತೆ ಮಲಗಿತು. ದಿಲೀಪನಿಲ್ಲ, ಬೈಕಿಲ್ಲ, ಕಿಟಕಿಯಲ್ಲೊಂದು ತಲೆಯಿಲ್ಲ. ಗುಡಿಯೊಳಗೆ ಇದ್ದದ್ದು ಅಯ್ಯ, ಕೆಂಚಮ್ಮ, ತಟ್ಟೆ ಹಿಡಿದು ನಿಂತ ಸಿಂಚನ.

ನನ್ನ ಉಪಾಯ ಮಣ್ಣುಪಾಲಾಯಿತು ಅನ್ನಿಸಿತು. ತಾಯಿ ಮಗಳು ಹೊರಟುಹೋದರು. ಕೊನೆಯದಾಗಿ ಅಯ್ಯನ ಮೇಲೊಂದು ಕಣ್ಣಿಡೋಣ ಎಂದು ಜಗಲಿಯ ಮೇಲೆ ಅವರ ಪಕ್ಕದಲ್ಲಿ ಕೂತೆ. ಹನ್ನೊಂದೂವರೆಯವರೆಗೆ ಆತ ಗುಡಿ ಬಿಟ್ಟು ಕದಲಲಿಲ್ಲ. ಬಂದವರಿಗೆ ಕುಂಕುಮ ಕೊಟ್ಟರು, ನಡುವೆ ತಮ್ಮ ಮಂಡಿನೋವಿನ ಕಥೆಯನ್ನು ಮೂರು ಸಲ ಹೇಳಿದರು. ಫೋನು ಇಟ್ಟುಕೊಂಡವರೇ ಅಲ್ಲ. ಯಾರ ಕಿವಿಯಲ್ಲೂ ಒಂದು ಮಾತು ಊದಲಿಲ್ಲ, ಅದಕ್ಕೆ ನನ್ನ ಕಣ್ಣೇ ಸಾಕ್ಷಿ.

ರಾಹುಕಾಲ ಕಳೆದು ಹನ್ನೆರಡೂ ಕಾಲಿಗೆ ಯಾದವಗಿರಿಯಲ್ಲಿ ಲಕೋಟೆ ಒಡೆಯುವುದೆಂದು ಗೊತ್ತಾಗಿತ್ತು. ರಮಾಮಣಿಯವರ ಬಂಗಲೆಯ ವರಾಂಡದಲ್ಲಿ ಬೆತ್ತದ ಕುರ್ಚಿಗಳು. ಅವರ ಅಜ್ಜ ಅರಮನೆಯ ಕಚೇರಿಯಲ್ಲಿದ್ದವರು, ಆ ಗತ್ತು ಮನೆಯಲ್ಲಿನ್ನೂ ಉಳಿದಿದೆ. ರಮಾಮಣಿಯವರಿಗೆ ಎಪ್ಪತ್ತೆರಡು. ಪತ್ರ ಅವರ ಹೆಸರಿನಲ್ಲಿದ್ದರೂ ಮಾತೆಲ್ಲ ತಮ್ಮನದು. ಅಧಿಕಾರಪತ್ರ ಬರೆಸಿಕೊಂಡವರು ಸುಂದರೇಶ, ಮೂರು ಸುತ್ತು ಎಂದು ನಿಯಮ ಮಾಡಿದವರೂ ಅವರೇ. ಗೆದ್ದವರು ಅಲ್ಲೇ ಹತ್ತು ಲಕ್ಷದ ಚೆಕ್ಕು ಕೊಟ್ಟು, ಕರಾರಿಗೆ ಸಹಿ ಹಾಕಬೇಕು.

ಕೆಂಚಮ್ಮ ಚೆಕ್ಕನ್ನು ಕರವಸ್ತ್ರದಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದಿದ್ದರು. ಕುರ್ಚಿಯಲ್ಲಿ ಕೂರದೆ ಕಂಬಕ್ಕೆ ಒರಗಿ ನಿಂತರು. ಸಿಂಚನ ಮೆಟ್ಟಿಲ ಮೇಲೆ ಕೂತಿದ್ದಳು. ದಿಲೀಪ ಕೈ ಉಜ್ಜಿಕೊಳ್ಳುತ್ತಿದ್ದ.

"ಡಬ್ಬದಲ್ಲಿತ್ತು, ಬೆಳಿಗ್ಗೆ" ಎಂದು ಸುಂದರೇಶ ಚಿಕ್ಕಬಸವಯ್ಯನ ಲಕೋಟೆ ಎತ್ತಿ ತೋರಿಸಿ ಒಡೆದರು. ಕನ್ನಡಕ ಸರಿಮಾಡಿಕೊಂಡು ಓದಿದರು.

"ಎಂಬತ್ತಾರು ಲಕ್ಷದ ಐವತ್ತೊಂದು ಸಾವಿರ."

ಯಾರೂ ಇರದ ಬೀದಿಯಲ್ಲಿ ಕೂಗಿದ ಸುಳ್ಳು ಐದೇ ಗಂಟೆಯಲ್ಲಿ ಕಾಗದದ ಮೇಲೆ ಬಂದು ಕೂತಿತ್ತು.

ಸುಂದರೇಶ ನಮ್ಮ ಲಕೋಟೆಯ ಅರಗು ಒಡೆದರು. ಓದುವ ಮೊದಲೇ ಅವರ ಮುಖ ಅರಳಿತು.

"ಎಂಬತ್ತೆಂಟು! ಕೆಂಚಮ್ಮ, ಜಾಗ ನಿಮ್ಮದು ಕಣ್ರೀ!"

"ನಂದಾ?" ಎಂದರು ಕೆಂಚಮ್ಮ. "ನಂದೇನಾ?" ಕಂಬ ಹಿಡಿದುಕೊಂಡು ಅಳಲು ಶುರುಮಾಡಿದರು. ಅಳುತ್ತಳುತ್ತಲೇ ನಕ್ಕರು. ನಾನೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಆದರೆ ನನಗೆ ಕಳ್ಳ ಬೇಕಾಗಿತ್ತು. ಎದ್ದು ನಿಂತೆ.

"ದಿಲೀಪ, ಗುಡಿ ಹತ್ರ ಯಾರನ್ನ ಇಟ್ಟಿದ್ದೆ?"

"ಗುಡಿನಾ? ಯಾವ ಗುಡಿ ಮೇಡಂ?"

"ನಾಟಕ ಬೇಡ. ಎಂಬತ್ತಾರು ಅನ್ನೋದು ನಾವು ಹೆಣೆದ ಸುಳ್ಳು. ಮಾರಮ್ಮನ ಮುಂದೆ ಬಿಟ್ಟರೆ ಬೇರೆಲ್ಲೂ ಆ ಮಾತು ಆಡಿಲ್ಲ. ನಿನ್ನ ಚಿಕ್ಕಬಸವಯ್ಯ ಅದರ ಮೇಲೇ ಐವತ್ತೊಂದು ಸಾವಿರ ಹಾಕಿದಾನೆ. ಬೊಗಳು!"

"ಮೇಡಂ, ನಿಮ್ಮ ದಮ್ಮಯ್ಯ" ಎಂದ ದಿಲೀಪ. ಅವನ ಮುಖ ಬಿಳಿಚಿತ್ತು. "ನನಗೆ ಕಮಿಷನ್ ಬರೋದು ಜಾಗ ಮಾರಾಟ ಆದ್ರೆ. ಇಲ್ಲದ ಪಾರ್ಟಿ ಹುಟ್ಟಿಸಿ ರೇಟು ಏರಿಸೋರು ಇದಾರೆ, ಇಲ್ಲ ಅನ್ನಲ್ಲ. ಆದ್ರೆ ಅವರು ಕೊನೇ ಸುತ್ತಲ್ಲಿ ಗೆಲ್ಲೋ ರೇಟು ಯಾಕೆ ಬರೀತಾರೆ? ಅಪ್ಪಿತಪ್ಪಿ ಅವನೇ ಗೆದ್ದಿದ್ರೆ ನಾನು ಚೆಕ್ಕು ಯಾರ ಹತ್ರ ಇಸ್ಕೊಳ್ಲಿ? ಕೈಗೆ ಬಂದ ಪಾರ್ಟಿ ಕೆಂಚಮ್ಮೋರು. ಅವರನ್ನ ನಾನೇ ಸೋಲಿಸ್ಕೊಳ್ತೀನಾ?"

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ರೇಟು ಏರಿಸಬೇಕೆಂದಿದ್ದವನು ಕೊನೆಯ ಸುತ್ತಿನಲ್ಲಿ ಹಿಂದೆ ಸರಿಯುತ್ತಾನೆ. ಈ ಚಿಕ್ಕಬಸವಯ್ಯನಿಗೆ ರೇಟು ಏರಿಸುವುದು ಬೇಕಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಕೆಂಚಮ್ಮ ಸೋಲುವುದು, ಅಷ್ಟೇ. ಇಷ್ಟು ದಿನ ದಿಲೀಪ, ದಿಲೀಪ ಎಂದು ಜಪ ಮಾಡುತ್ತಾ ನಾನು ಈ ಸಣ್ಣ ಲೆಕ್ಕವನ್ನೇ ಹಾಕಿರಲಿಲ್ಲ. ನಾಚಿಕೆಯಾಯಿತು.

ಹಾಗಾದರೆ ಗುಡಿಯಲ್ಲಿ ಯಾರಿದ್ದರು?

ಆ ಪ್ರಶ್ನೆ ನನಗಿಂತ ಮೊದಲು ಕೆಂಚಮ್ಮನಿಗೆ ಹೊಳೆಯಿತು. ಅವರ ಅಳು ನಿಂತಿತು. ನಿಧಾನವಾಗಿ ಮೆಟ್ಟಿಲ ಕಡೆ ತಿರುಗಿದರು.

"ಸಿಂಚು."

ಹುಡುಗಿ ತಲೆ ಎತ್ತಲಿಲ್ಲ.

"ತಟ್ಟೆ ಇಡ್ಕೊಂಡು ನನ್ನ ಪಕ್ಕದಲ್ಲಿ ನಿಂತಿದ್ಯಲ್ಲ ಮಗಾ. ಮೂರು ಸಲವೂ ನೀನೇ ಅಲ್ವಾ ನಿಂತಿದ್ದು? ಇಲ್ಲ ಅನ್ನು. ಇಲ್ಲ ಅಂದ್ಬುಡು, ನಾನು ನಂಬ್ತೀನಿ."

ಸಿಂಚನ ಇಲ್ಲ ಅನ್ನಲಿಲ್ಲ.

ಕೆಂಚಮ್ಮನ ಕೈ ಎದ್ದಿತು. ಹೊಡೆದೇ ಬಿಡುತ್ತಾರೆ ಅಂದುಕೊಂಡೆ. ಆದರೆ ಆ ಕೈ ಅವರ ಎದೆಯ ಮೇಲೆಯೇ ಬಿತ್ತು.

"ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಹಾಕ್ದಲ್ಲೇ! ಯಾರ ಕೈಗೆ ಮಾರ್ದೆ ನನ್ನ? ಎಷ್ಟು ಕೊಟ್ರು?"

"ಯಾರೂ ಏನೂ ಕೊಟ್ಟಿಲ್ಲಮ್ಮ" ಎಂದು ಸಿಂಚನ ಎದ್ದಳು. ಅಷ್ಟು ದಿನ ಮಾತು ಕಡಿಮೆ ಎಂದುಕೊಂಡಿದ್ದ ಹುಡುಗಿಯ ದನಿ ತಡವರಿಸಲಿಲ್ಲ. "ನೀನು ಗೆಲ್ಲಬಾರದು ಅಂತಲೇ ಮಾಡಿದ್ದು. ಬೇಡ ಅಂತ ಎಷ್ಟು ಸಲ ಹೇಳ್ದೆ, ನೀನು ಕಿವಿಗೇ ಹಾಕ್ಕೊಳ್ಲಿಲ್ಲ. ಚೆಕ್ಕು ಕೊಡಬೇಡ. ನಿನಗೆ ಕೈ ಮುಗೀತೀನಿ, ಸಹಿ ಹಾಕಬೇಡ."

"ಯಾಕೆ?"

"ಆ ಪತ್ರದಲ್ಲಿರೋ ಜಾಗ ನಮ್ಮ ನರ್ಸರಿ ಇರೋ ಜಾಗ ಅಲ್ಲ."

"ಹುಚ್ಚು ಹುಡುಗಿ" ಎಂದು ಸುಂದರೇಶ ನಕ್ಕರು. ನಗು ಅರ್ಧಕ್ಕೇ ನಿಂತಿತು. "ಪತ್ರ ಎಲ್ಲ ಸರ್ವಮಂಗಳಾ ಮೇಡಂ ನೋಡಿದಾರೆ. ಹೇಳಿ ಮೇಡಂ, ಪತ್ರದಲ್ಲಿ ಏನಾದ್ರೂ ದೋಷ ಇದೆಯಾ?"

ಎಲ್ಲರೂ ನನ್ನ ಕಡೆ ನೋಡಿದರು.

ಪತ್ರ ನಾನು ನೋಡಿದ್ದೆ. ಮೂವತ್ತು ವರ್ಷದ ಋಣಭಾರ ಪತ್ರವನ್ನು ಸಾಲು ಸಾಲಾಗಿ ಓದಿದ್ದೆ. ಹೆಸರು ಸರಿಯಿತ್ತು, ತಾರೀಖು ಸರಿಯಿತ್ತು, ಮೊಹರು ಸರಿಯಿತ್ತು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸೊತ್ತು ಎಂದು ನಾಲ್ಕು ದಿಕ್ಕಿನ ಗಡಿ ಬರೆದದ್ದನ್ನೂ ಓದಿದ್ದೆ. ಓದಿದ್ದೆ, ಅಷ್ಟೇ. ಆ ಕಾಗದ ಹಿಡಿದು ನರ್ಸರಿಗೆ ಹೋಗಿ ನಾಲ್ಕು ದಿಕ್ಕಿಗೆ ತಿರುಗಿ ನೋಡಿರಲಿಲ್ಲ. ಬುಧವಾರ ಹೋದಾಗಲೂ ದಿಲೀಪನ ಬೈಕು ಕಾಯುತ್ತಾ ನಿಂತಿದ್ದೆನೇ ಹೊರತು ಪೂರ್ವ ಯಾವುದು ಪಶ್ಚಿಮ ಯಾವುದು ಎಂದು ಯೋಚಿಸಿರಲಿಲ್ಲ. ಮೂವತ್ತೊಂದು ವರ್ಷ ಕುರ್ಚಿಯಲ್ಲಿ ಕೂತು ಭೂಮಿ ನೋಡಿದವಳಿಗೆ ಭೂಮಿಯೆಂದರೆ ಕಾಗದವೇ ಆಗಿಹೋಗಿತ್ತು.

"ಪತ್ರದಲ್ಲಿ ದೋಷ ಇಲ್ಲ" ಎಂದೆ. "ಜಾಗ ಅದೇ ಹೌದೋ ಅಲ್ಲವೋ, ನಾನು ನೋಡಿಲ್ಲ. ತಪ್ಪು ನನ್ನದು. ಕೆಂಚಮ್ಮ, ಚೆಕ್ಕು ಕೊಡಬೇಡಿ."

"ಇದೇನ್ರೀ ಅನ್ಯಾಯ!" ಸುಂದರೇಶ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಗೆದ್ದ ಮೇಲೆ ಹಿಂದೆ ಸರಿಯೋದಾ? ಏ ಹುಡುಗಿ, ಯಾರು ನಿನ್ನ ತಲೆಗೆ ಈ ವಿಷ ತುಂಬಿದ್ದು? ಯಾವನೋ ಆ ಚಿಕ್ಕಬಸವಯ್ಯ? ಕರೀ ಅವನನ್ನ ಇಲ್ಲಿಗೆ! ಇವತ್ತು ಅವನ ಮುಖ ನೋಡಿಯೇ ಬಿಡೋಣ."

"ಅವಳನ್ನ ಗದರಬೇಡ ಸುಂದರೇಶ."

ಅಷ್ಟು ಹೊತ್ತೂ ಒಂದು ಮಾತೂ ಆಡದೆ ಕೂತಿದ್ದ ರಮಾಮಣಿಯವರ ದನಿ ಅದು. ಅವರು ಕುರ್ಚಿಯ ಕೈ ಹಿಡಿದು ಮೆಲ್ಲನೆ ಎದ್ದು ನಿಂತರು.

"ಹೇಳಿದ್ದು ನಾನು. ರೇಟು ತಂದುಕೊಡು ಅಂತ ಆ ಮಗುವಿನ ಕಾಲು ಹಿಡಿದವಳೂ ನಾನೇ. ಆ ಚಿಕ್ಕಬಸವಯ್ಯನೂ ನಾನೇ ಕಣಪ್ಪ. ಅಧಿಕಾರಪತ್ರ ಬರೆಸಿಕೊಂಡ ಮೇಲೆ ನನ್ನ ಮಾತು ನೀನೆಲ್ಲಿ ಕೇಳ್ತಿದ್ದೆ?"

ಸುಂದರೇಶ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ದಿಲೀಪ ಒಮ್ಮೆ ಅಕ್ಕನನ್ನೂ ಒಮ್ಮೆ ತಮ್ಮನನ್ನೂ ನೋಡಿದ.

ಕೆಂಚಮ್ಮ ಮಾತ್ರ ರಮಾಮಣಿಯವರ ಹತ್ತಿರ ಹೋದರು. ಕರವಸ್ತ್ರದ ಗಂಟು ಇನ್ನೂ ಮುಷ್ಟಿಯಲ್ಲೇ ಇತ್ತು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ತೀರಾ ಹತ್ತಿರ ನಿಂತು, ಮಾರಮ್ಮನನ್ನು ಕೇಳುವಷ್ಟೇ ಸ್ಪಷ್ಟವಾಗಿ ಕೇಳಿದರು.

"ಅಂಗಾದ್ರೆ ಅಮ್ಮಾವ್ರೇ, ಅತ್ತೊಂಬತ್ತು ವರ್ಸ ನಾನು ನೀರಾಕಿದ್ದು ಯಾರ ನೆಲಕ್ಕೆ?"

ರಮಾಮಣಿಯವರು ಉತ್ತರ ಕೊಡುವ ಮುಂಚೆ ತಮ್ಮನ ಮುಖ ನೋಡಿದರು. ಆಮೇಲೆ, "ರೈಲ್ವೆಯವರದು ಕಣಮ್ಮ" ಎಂದರು.